ಮಾವ ಕರಗಿಸಿದ ಹದಿನೆಂಟು ಪೌಂಡು

ಜಟಕಾ ಗಾಡಿಯಲ್ಲಿ ಕೂತುಕೊಂಡೇ ಬೊಜ್ಜು ಕರಗಿಸಿದ ಮನುಷ್ಯನನ್ನು ನೀವು ನೋಡಿದ್ದೀರಾ? ನಾನು ನೋಡಿದ್ದೇನೆ. ಅವರು ನನ್ನ ಸ್ವಂತ ಸೋದರಮಾವ! ಹೆಸರು ಮಾತ್ರ ಕೇಳಬೇಡಿ. ಅವರ ಕಚೇರಿಯಲ್ಲಿ ಈ ವಿಷಯಕ್ಕೆ ಈಗಲೂ ನಗುವವರಿದ್ದಾರೆ.

ಆಗ ರಾಜಾಜಿನಗರದಲ್ಲಿ ಮನೆಗಳಿಗಿಂತ ಖಾಲಿ ಸೈಟುಗಳೇ ಹೆಚ್ಚು. ಮಾವನ ಮನೆಯಿಂದ ಎರಡು ಸೈಟು ಆಚೆಗೆ ನಾನೂ ನಮ್ಮ ಯಜಮಾನರೂ ಹೊಸದಾಗಿ ಸಂಸಾರ ಹೂಡಿದ್ದೆವು. ಮಾವನಿಗೂ ಅತ್ತೆಗೂ ಮಕ್ಕಳಿರಲಿಲ್ಲ. ನಾನೇ ಮಗಳ ಹಾಗೆ ದಿನಕ್ಕೆ ನಾಲ್ಕು ಸಲ ಹೋಗಿಬರುತ್ತಿದ್ದೆ. ಆದ್ದರಿಂದ ಇದೆಲ್ಲ ಕಣ್ಣಾರೆ ಕಂಡದ್ದು.

ಒಂದು ದಿನ ಮಾವ ಕಚೇರಿಯ ಮೆಟ್ಟಿಲು ಹತ್ತುತ್ತಾ ಎದೆ ಹಿಡಿದುಕೊಂಡು ಕೂತುಬಿಟ್ಟರು. ಇಪ್ಪತ್ತು ಪೌಂಡು ಇಳಿಸದಿದ್ದರೆ ಈ ಹೃದಯಕ್ಕೆ ನಾನು ಜವಾಬ್ದಾರನಲ್ಲ ಎಂದು ಡಾಕ್ಟರು ಹೇಳಿಬಿಟ್ಟರು. ಮಾವನಿಗೆ ಬೆವರು ಕಿತ್ತುಕೊಂಡು ಬಂತು. ಅತ್ತೆ ದೇವರ ಮುಂದೆ ಹೋಗಿ ಕೂತವರು ಸಂಜೆಯವರೆಗೂ ಏಳಲಿಲ್ಲ.

ಮಾರನೆಯ ದಿನವೇ ಮಾವ ಅವೆನ್ಯೂ ರಸ್ತೆಯಿಂದ ಒಂದು ಹಳೇ ವಿಲಾಯಿತಿ ಪುಸ್ತಕ ಹಿಡಿದು ತಂದರು. ಯಾವ ವ್ಯಾಯಾಮಕ್ಕೆ ಎಷ್ಟು ಕ್ಯಾಲೊರಿ ಖರ್ಚಾಗುತ್ತದೆ ಎಂಬ ಪಟ್ಟಿ ಅದರಲ್ಲಿತ್ತು. ಎಲ್ಲಾ ದೊರೆಗಳ ವ್ಯಾಯಾಮ! ದೋಣಿಗೆ ಹುಟ್ಟು ಹಾಕುವುದು, ಕುದುರೆ ಸವಾರಿ, ಹಿಮದ ಮೇಲೆ ಜಾರುವುದು. ರಾಜಾಜಿನಗರದಲ್ಲಿ ಹಿಮಕ್ಕೆ ಎಲ್ಲಿಗೆ ಹೋಗೋಣ? ಮಾವ ಅಷ್ಟಕ್ಕೆಲ್ಲ ಸೋಲುವವರಲ್ಲ. ಮಳೆ ಬಂದ ಮಾರನೆಯ ದಿನ ಕೆಮ್ಮಣ್ಣಿನಲ್ಲಿ ಕಾಲು ಜಾರಿ ಮೋರಿಯವರೆಗೂ ಹೋದರು. ಎದ್ದು ಬಂದವರು ಪಂಚೆ ಬದಲಿಸುವುದಕ್ಕೂ ಮೊದಲು ನೋಟುಬುಕ್ಕು ತೆಗೆದು, ‘ಹಿಮದ ಮೇಲೆ ಜಾರುವುದು, ಕಾಲು ಗಂಟೆ’ ಎಂದು ಬರೆದರು! ಜಾರಿದ್ದು ಎರಡು ಕ್ಷಣ ತಾನೇ ಎಂದೆ. ಏಳುವುದಕ್ಕೆ ಹಿಡಿದ ಹೊತ್ತನ್ನು ಯಾರು ಲೆಕ್ಕಕ್ಕೆ ತಗೋತಾರೆ ಎಂದು ನನ್ನನ್ನೇ ಗದರಿಸಿದರು.

ಜಟಕಾ ಪ್ರಕರಣ ಇದಕ್ಕಿಂತ ಘೋರ. ಮಲ್ಲೇಶ್ವರಕ್ಕೆ ಒಂದು ಮದುವೆಗೆ ಜಟಕಾದಲ್ಲಿ ಹೋಗಿಬಂದೆವು. ಮನೆಗೆ ಬಂದ ಕೂಡಲೇ ಮಾವ ಅದನ್ನು ಕುದುರೆ ಸವಾರಿಗೆ ಜಮಾ ಮಾಡಿದರು.

“ಮಾವ, ಆಯಾಸ ಆಗಿದ್ದು ಕುದುರೆಗಲ್ವಾ?”

“ಕುಲುಕಾಟ ಯಾರಿಗಾಯ್ತು ಹೇಳು. ಪುಸ್ತಕದಲ್ಲಿ ಕುದುರೆ ಬೆನ್ನ ಮೇಲೆ ಕೂತ್ಕೋಬೇಕು ಅಂತ ಎಲ್ಲೂ ಬರೆದಿಲ್ಲ ಕಣೇ.”

ಹಾಗೆಂದು ಅವರು ನಡೆಯುತ್ತಲೇ ಇರಲಿಲ್ಲ ಎನ್ನಬೇಡಿ. ದಿನಾ ಬೆಳಿಗ್ಗೆ ಬಿನ್ನಿಪೇಟೆಯವರೆಗೆ, ಭಾನುವಾರ ಮಾಗಡಿ ರಸ್ತೆ ಹಿಡಿದು ಹೇರೋಹಳ್ಳಿಯವರೆಗೆ. ಹೆಜ್ಜೆಗಳನ್ನು ಎಣಿಸಬೇಕೆಂದು ಪುಸ್ತಕದ ಅಪ್ಪಣೆ. ಮಾವನಿಗೋ ದಾರಿಯುದ್ದಕ್ಕೂ ಮಾತು! ಹಾಗಾಗಿ ಎಣಿಸುವ ಕೆಲಸ ಅತ್ತೆಯ ಪಾಲಿಗೆ ಬಂತು. ಬಾವಿಯಿಂದ ನೀರು ಸೇದಿ, ಅಂಗಳ ಸಾರಿಸಿ, ಅಡುಗೆಗೆ ಅಣಿ ಮಾಡಿ, ಆಮೇಲೆ ಕೊಡೆ ಹಿಡಿದು ಗಂಡನ ಹಿಂದೆ ಹೊರಡುತ್ತಿದ್ದರು. ತಪ್ಪಿದರೆ ಗಂಡನ ಆಯಸ್ಸಿಗೇ ಕುತ್ತು ಎಂಬಂತೆ ತುಟಿ ಅಲ್ಲಾಡಿಸುತ್ತಾ ಒಂದೊಂದೇ ಹೆಜ್ಜೆ ಎಣಿಸುತ್ತಿದ್ದರು.

ವಾಪಸು ಬರುವಾಗ ಟೋಲ್‌ಗೇಟಿನ ಹತ್ತಿರ ಒಂದು ಹೋಟೆಲು. ಖರ್ಚಾದ ಶಕ್ತಿಯಲ್ಲಿ ಅರ್ಧವನ್ನಾದರೂ ಹಿಂದಕ್ಕೆ ಕೊಡದಿದ್ದರೆ ದೇಹ ಮುನಿಸಿಕೊಳ್ಳುತ್ತದೆ ಎಂಬುದು ಮಾವನ ಸ್ವಂತ ಸಂಶೋಧನೆ. ಆ ಅರ್ಧ ಎಂದರೆ ಎರಡು ಮಸಾಲೆದೋಸೆ ಮತ್ತು ಕಾಫಿ. ಅತ್ತೆಯ ಕಾಲದ ಹೆಂಗಸರು ಹೋಟೆಲಿನ ಹೊಸ್ತಿಲು ತುಳಿಯುತ್ತಿರಲಿಲ್ಲ. ಅವರು ಎದುರಿನ ಹೊಂಗೆಮರದ ಕೆಳಗೆ ಕೊಡೆ ಹಿಡಿದು ನಿಂತಿರುತ್ತಿದ್ದರು.

ಮನೆಯಲ್ಲಿ ಮಾತ್ರ ಕಟ್ಟುನಿಟ್ಟು. ಸಂಜೆಯ ಅನ್ನ ರದ್ದಾಯಿತು. ಮಾವನಿಗೆ ಎರಡೇ ಚಪಾತಿ, ಎಣ್ಣೆ ಸೋಕಿಸುವ ಹಾಗಿಲ್ಲ. ಗಂಡ ಉಂಡೆದ್ದ ಮೇಲೆ ಅತ್ತೆಯ ಊಟ. ನೀವೇನು ತಿಂತೀರಿ ಎಂದು ನಾನು ಒಂದು ಸಲ ಕೇಳಿದ್ದೆ. ನನ್ನೊಬ್ಬಳಿಗೆ ಏನು ಅನ್ನಕ್ಕಿಡೋದು ಬಿಡೇ, ಮಜ್ಜಿಗೆ ಇದೆ ಎಂದರು. ನಾನೂ ಬಿಟ್ಟೆ. ಅದನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಆರು ತಿಂಗಳು ಕಳೆಯಿತು. ಕರಗಿದ್ದು ಹದಿನೆಂಟು ಪೌಂಡು ಎಂದು ನೋಟುಬುಕ್ಕು ಸಾರಿತು. ಮಾವನ ಕೋಟಿನ ಗುಂಡಿ ಮಾತ್ರ ಬೇರೆಯೇ ಹೇಳುತ್ತಿತ್ತು. ಸರಿ, ಒಂದು ಭಾನುವಾರ ಮೂವರೂ ಸಿಟಿ ರೈಲ್ವೆ ಸ್ಟೇಷನ್ನಿಗೆ ಹೋದೆವು. ಅಲ್ಲಿ ಕಾಸು ಹಾಕಿದರೆ ತೂಕದ ಚೀಟಿ ಉದುರಿಸುವ ಮಿಷನ್ ಇತ್ತು. ಮೊದಲ ದಿನ ಮಾವ ತೂಗಿಕೊಂಡದ್ದೂ ಅದರಲ್ಲೇ. ಮಿಷನ್ನಿನ ಮೇಲೆ ನಂಬಿಕೆ ಸಾಲದೆ ಅವತ್ತು ಅತ್ತೆಯನ್ನೂ ಅದರ ಮೇಲೆ ನಿಲ್ಲಿಸಿ ಚೀಟಿ ತೆಗೆದಿಟ್ಟಿದ್ದರಂತೆ. ಕರಗಬೇಕಾದವರು ತಾವು. ಅತ್ತೆ ಇದ್ದ ಹಾಗೇ ಇರುವವರು. ಮುಂದೆ ಯಾವತ್ತೇ ತೂಗಿದರೂ ಅವರ ತೂಕ ಅಷ್ಟೇ ಬಂದರೆ ಮಿಷನ್ ಸರಿಯಿದೆ ಎಂದು ಅರ್ಥ. ಎಂಥ ತಲೆ ನೋಡಿ!

ಮಾವ ಚಪ್ಪಲಿ ಬಿಟ್ಟು, ಕನ್ನಡಕ ತೆಗೆದು, ಉಸಿರು ಹಿಡಿದು ಮಿಷನ್ ಹತ್ತಿದರು. ಚೀಟಿ ಬಿತ್ತು. ಮೊದಲಿಗಿಂತ ನಾಲ್ಕು ಪೌಂಡು ಜಾಸ್ತಿ! ನಾನು ಸೆರಗು ಬಾಯಿಗೆ ಅಡ್ಡ ಹಿಡಿದೆ. ಮಿಷನ್ ಕೆಟ್ಟಿದೆ ಎಂದು ಮಾವ ಗುಡುಗಿದರು. ಈಗಲೇ ತೋರಿಸುತ್ತೇನೆಂದು ಅತ್ತೆಯನ್ನು ಹತ್ತಿಸಿದರು.

ಚೀಟಿ ಬಿತ್ತು. ಮೊದಲ ದಿನ ನೂರ ಹನ್ನೆರಡು ಇದ್ದದ್ದು ತೊಂಬತ್ನಾಲ್ಕಾಗಿತ್ತು.

“ನೋಡಿದ್ಯಾ? ಪೂರ್ತಿ ಕೆಟ್ಟಿದೆ,” ಎಂದು ಮಾವ ಗೆದ್ದವರ ಹಾಗೆ ನನ್ನ ಕಡೆ ತಿರುಗಿದರು. ನನ್ನನ್ನೂ ಹತ್ತಿಸಿದರು. ಹಿಂದಿನ ವಾರ ಆಸ್ಪತ್ರೆಯಲ್ಲಿ ತೂಗಿದಾಗ ಎಷ್ಟಿತ್ತೋ ಸರಿಯಾಗಿ ಅಷ್ಟೇ ಬಂತು. ಮಿಷನ್ ಸರಿಯಾಗಿಯೇ ಇತ್ತು.

ನನ್ನ ನಗು ಅಲ್ಲೇ ನಿಂತಿತು. ಮಾವ ಅತ್ತೆಯ ಹಳೇ ಚೀಟಿ, ಹೊಸ ಚೀಟಿ ಎರಡನ್ನೂ ಅಕ್ಕಪಕ್ಕ ಹಿಡಿದು ನೋಡಿದರು. ನೂರ ಹನ್ನೆರಡರಲ್ಲಿ ತೊಂಬತ್ನಾಲ್ಕು ಹೋದರೆ ಹದಿನೆಂಟು. ಅವರ ಪುಸ್ತಕವೂ ಸರಿ, ಲೆಕ್ಕವೂ ಸರಿ. ಕರಗಿದ ದೇಹ ಮಾತ್ರ ಬೇರೆ! ಆಮೇಲೆ ಅವರು ಅತ್ತೆಯನ್ನು ನೋಡಿದರು. ಬಳೆಗಳು ಮೊಣಕೈಯವರೆಗೂ ಜಾರಿದ್ದವು, ರವಿಕೆಯ ತೋಳು ಜೋಲಾಡುತ್ತಿತ್ತು. ದಿನಾ ಹೋಗಿಬರುತ್ತಿದ್ದ ನನಗೂ ಅದು ಕಂಡಿರಲಿಲ್ಲ. ಅತ್ತೆಗೆ ಮಾತ್ರ ಗಂಡನ ನಾಲ್ಕು ಪೌಂಡಿನದೇ ಚಿಂತೆ. “ನಾನೇ ಎಲ್ಲೋ ಎಣಿಕೆ ತಪ್ಪಿರ್ಬೇಕು ರೀ,” ಎಂದರು.

ವಾಪಸು ಬರುವ ದಾರಿಯುದ್ದಕ್ಕೂ ಮಾವನ ಬಾಯಿಂದ ಒಂದು ಮಾತೂ ಹೊರಡಲಿಲ್ಲ.

ಮನೆಗೆ ಬಂದು ನನ್ನ ಕೈಲಿ ಅನ್ನ ಸಾರು ಮಾಡಿಸಿದರು. ಅತ್ತೆಯನ್ನು ಮಣೆಯ ಮೇಲೆ ಕೂರಿಸಿ, ಎಲೆ ಹಾಕಿ, ಜನ್ಮದಲ್ಲಿ ಸೌಟು ಹಿಡಿಯದವರು ಅರ್ಧ ನೆಲಕ್ಕೆ ಅರ್ಧ ಎಲೆಗೆ ಬಡಿಸಿದರು. ಅತ್ತೆ ಕೈಯನ್ನು ಮಡಿಲಲ್ಲಿಟ್ಟುಕೊಂಡು ಸುಮ್ಮನೆ ಕೂತಿದ್ದರು.

“ತಿನ್ನೇ.”

“ನೀವು ಹೀಗೆ ನೋಡ್ತಾ ನಿಂತ್ರೆ ಹೇಗ್ರೀ ತಿನ್ನೋದು?”

ಮಾವ ಗೋಡೆಯ ಕಡೆಗೆ ತಿರುಗಿ ನಿಂತರು. ಅವರ ಬೆನ್ನು ಅಲುಗುತ್ತಿತ್ತು. ಅವರು ಅತ್ತದ್ದನ್ನು ನಾನು ಕಂಡದ್ದು ಅದೊಂದೇ ಸಲ. ಅತ್ತೆ ಮೆಲ್ಲಗೆ ಒಂದು ತುತ್ತು ತಿಂದರು, ಆಮೇಲೆ ಇನ್ನೊಂದು. ಆಮೇಲೆ ಬಹಳ ಹೊತ್ತು ತಲೆಯೆತ್ತಲೇ ಇಲ್ಲ. ಎಲೆ ಬರಿದಾದ ಮೇಲೆ, ಆ ಮನೆತನಕ್ಕೆ ಸೊಸೆಯಾಗಿ ಬಂದ ಇಪ್ಪತ್ತೆರಡು ವರ್ಷಗಳಲ್ಲಿ ಮೊದಲ ಬಾರಿಗೆ, ಅವರು ತಮಗಾಗಿ ಏನನ್ನಾದರೂ ಕೇಳಿದರು.

“ರೀ, ಇನ್ನೊಂದು ಸ್ವಲ್ಪ ಅನ್ನ ಹಾಕ್ತೀರಾ?”