ಜಾಬ್ ಕಾರ್ಡಿನ ಹಿಂಬದಿ

ವ್ಯಂಗ್ಯಚಿತ್ರ ನೋಡಿ ನಗುವುದು ನನಗೆ ಬಹಳ ಕಾಲ ಬರುತ್ತಿರಲಿಲ್ಲ. ಪತ್ರಿಕೆಯಲ್ಲಿ ಚಿತ್ರ ಕಂಡರೆ ಮೊದಲು ಅಡಿಯ ಬರಹ ಓದುತ್ತಿದ್ದೆ. ಆಮೇಲೆ ಆ ಮೂಗು ಯಾರದೆಂದು ಹೆಂಡತಿಯನ್ನು ಕೇಳುತ್ತಿದ್ದೆ. ಅವಳು ವಿವರಿಸಿ ಮುಗಿಸುವಷ್ಟರಲ್ಲಿ ನಗುವ ಹೊತ್ತು ಮೀರಿರುತ್ತಿತ್ತು. ಗೆರೆಗಳ ವಿಷಯದಲ್ಲಿ ನನಗೆ ತಿಳಿದಿದ್ದುದು ಕಾರ್ಖಾನೆಯ ನಕ್ಷೆಗಳಷ್ಟೇ. ಅವುಗಳಲ್ಲಿ ಪ್ರತಿ ಗೆರೆಗೂ ಅಳತೆ ಇರುತ್ತದೆ, ಯಾವ ಗೆರೆಯೂ ನಗಿಸುವುದಿಲ್ಲ. ಇಂಥ ನನಗೆ ಚಿತ್ರ ನೋಡುವುದನ್ನು ಕಲಿಸಿದ್ದು ಪೀಣ್ಯದ ಒಂದು ತಗಡಿನ ಕಾರ್ಖಾನೆ. ಕಲಿತ ರೀತಿ ನೆನೆದರೆ ಈಗಲೂ ಅಂಗೈ ಬೆವರುತ್ತದೆ. ಅದಕ್ಕೇ ನಡೆದದ್ದನ್ನು ನಡೆದ ಹಾಗೆ, ನಿಧಾನವಾಗಿ ಹೇಳುತ್ತೇನೆ.

ತುಮಕೂರು ರಸ್ತೆಯ ನಡುವೆ ಮೆಟ್ರೊ ಕಂಬಗಳು ಏಳುತ್ತಿದ್ದ ದಿನಗಳು. ನಾನು ಪ್ರೆಸ್ ವಿಭಾಗದ ಸೂಪರ್‌ವೈಸರ್. ನಮ್ಮಲ್ಲಿ ಆರು ಪವರ್ ಪ್ರೆಸ್‌ಗಳಿದ್ದವು. ತಗಡನ್ನು ಕೆಳಗಿನ ಅಚ್ಚಿನ ಮೇಲಿಟ್ಟು, ಎರಡು ಕೈಯಿಂದ ಎರಡು ಗುಂಡಿ ಒಟ್ಟಿಗೆ ಒತ್ತಿದರೆ ಮೇಲಿನ ಅಚ್ಚು ಧಡ್ ಎಂದು ಇಳಿಯುತ್ತದೆ. ಗುಂಡಿ ಎರಡು ಯಾಕೆಂದರೆ, ಅಚ್ಚು ಇಳಿಯುವಾಗ ಎರಡು ಕೈಯೂ ಹೊರಗಿರಲಿ ಎಂದು. ಆದರೆ ಒಂದು ಗುಂಡಿಗೆ ಮರದ ಚಕ್ಕೆ ಸಿಕ್ಕಿಸಿ ಅದುಮಿಟ್ಟರೆ, ಒಂದು ಕೈ ತಗಡು ಇಡುತ್ತ ಇನ್ನೊಂದು ಕೈ ಒತ್ತುತ್ತ, ಕೆಲಸ ಬೇಗ ಸಾಗುತ್ತದೆ. ಹಾಗೆ ಮಾಡಕೂಡದೆಂದು ನಾನೇ ಮೂರು ಪುಟದ ನೋಟಿಸು ಬರೆದು ಗೋಡೆಗೆ ಅಂಟಿಸಿದ್ದೆ. ದಿನಕ್ಕೆ ನಾಲ್ಕು ಸಲ, ಸೊಂಟದ ಬೀಗದ ಕೈ ಗೊಂಚಲನ್ನು ಝಣಝಣ ಕುಣಿಸುತ್ತ ಸುತ್ತು ಹಾಕುತ್ತಿದ್ದೆ. ಆ ಸದ್ದಿನಲ್ಲಿ ಒಂದು ಗಾಂಭೀರ್ಯವಿದೆಯೆಂದು ನನ್ನ ನಂಬಿಕೆ. ನಾನು ನೋಡಿದಾಗಲೆಲ್ಲ ಗುಂಡಿಗಳು ಸರಿಯಾಗಿಯೇ ಇರುತ್ತಿದ್ದವು. ಪಾಳಿಯ ಕೊನೆಯಲ್ಲಿ ಪ್ರತಿಯೊಬ್ಬರ ಜಾಬ್ ಕಾರ್ಡು, ಅಂದರೆ ಯಾರು ಎಷ್ಟು ತುಂಡು ಹೊಡೆದರೆಂದು ಬರೆಯುವ ರಟ್ಟು, ನನ್ನ ಮೇಜಿಗೆ ಬರುತ್ತಿತ್ತು. ಅದರಡಿಯಲ್ಲಿ ‘ಎರಡೂ ಗುಂಡಿ ಸರಿಯಿದೆ’ ಎಂದು ಅಚ್ಚಾಗಿತ್ತು. ಆ ಸಾಲಿನ ಮೇಲೆ ಕಣ್ಣೂ ಹಾಯಿಸದೆ ಅದರ ಪಕ್ಕ ಸಹಿ ಹಾಕಿ ಡ್ರಾಯರಿಗೆ ತಳ್ಳುತ್ತಿದ್ದೆ.

ಒಂದು ದಿನ ಫ್ಯಾನಿನ ಗಾಳಿಗೆ ಒಂದು ಕಾರ್ಡು ಹಾರಿ ಬೆನ್ನು ಮೇಲಾಗಿ ಬಿತ್ತು. ಬೆನ್ನಿನಲ್ಲಿ ಚಿತ್ರವಿತ್ತು. ಒಂದು ಹೊಟ್ಟೆ, ಹೊಟ್ಟೆಯ ಹಿಂದೆ ಒಬ್ಬ ಮನುಷ್ಯ, ಮೂಗಿನ ತುದಿಗೆ ಕನ್ನಡಕ, ಸೊಂಟದಲ್ಲಿ ಆಳೆತ್ತರದ ಬೀಗದ ಕೈಗಳು. ಮುಂಬದಿಯಲ್ಲಿ ಹೆಸರು ಸ್ಪಷ್ಟವಾಗಿತ್ತು: ಹನುಮಂತರಾಯಪ್ಪ, ನಾಲ್ಕನೇ ನಂಬರ್ ಪ್ರೆಸ್. ಬೈಯಲು ಎದ್ದೆ. ಆದರೆ ಬೈಯುವ ಮುನ್ನ ಅದು ನಾನೇ ಹೌದೋ ಅಲ್ಲವೋ ಎಂದು ಖಚಿತ ಮಾಡಿಕೊಳ್ಳಬೇಕಲ್ಲ? ಪ್ಯಾಕಿಂಗಿನ ಪುಟ್ಟಮ್ಮನಿಗೆ ತೋರಿಸಿದೆ. ಆಕೆ ದೂರ ಹಿಡಿದು, ಹತ್ತಿರ ಹಿಡಿದು ನೋಡಿ, “ಇದು ನೀವಲ್ಲ ಬುಡಿ ಸಾರ್. ನೀವು ಇದುಕ್ಕಿಂತ ದಪ್ಪ” ಎಂದು ಸಮಾಧಾನ ಹೇಳಿದರು. ಎಲೆಕ್ಟ್ರಿಷಿಯನ್ ನಯಾಜ್ ಇಣುಕಿ ನೋಡಿ, “ಹೊಟ್ಟೆ ನಿಮ್ದೇ ಸಾರ್, ಡೌಟೇ ಬೇಡ. ಮುಖ ಮಾತ್ರ ಸ್ವಲ್ಪ ಬುದ್ಧಿವಂತರ ಥರ ಬಂದ್ಬಿಟ್ಟಿದೆ” ಅಂದ.

ಸಾಕ್ಷಿ ಸಾಲದೆಂದು ಡ್ರಾಯರು ತೆರೆದೆ. ಹನುಮಂತರಾಯಪ್ಪನವರ ಎಂಟು ತಿಂಗಳ ಕಾರ್ಡುಗಳನ್ನು ಬೇರ್ಪಡಿಸಿ ಒಂದೊಂದಾಗಿ ಮಗುಚಿದೆ. ಹೆಚ್ಚುಕಡಿಮೆ ಎಲ್ಲದರ ಬೆನ್ನಲ್ಲೂ ಚಿತ್ರ. ಕಂಪನಿ ಬಸ್ಸಿನಲ್ಲಿ ಕಂಬ ಹಿಡಿದು ನಿಂತೇ ನಿದ್ದೆ ಮಾಡುತ್ತಿರುವ ಹೆಂಗಸು: ಅವಳ ಕಣ್ಣು ಒಂದೇ ಒಂದು ಗೆರೆ, ಆ ಗೆರೆಯಲ್ಲಿ ಎರಡು ಪಾಳಿಯ ಆಯಾಸ. ಕ್ಯಾಂಟೀನಿನ ಸಾಂಬಾರಿನಲ್ಲಿ ಭೂತಕನ್ನಡಿ ಹಿಡಿದು ಬೇಳೆ ಹುಡುಕುತ್ತಿರುವ ನಯಾಜ್. ಎಲ್ಲಕ್ಕಿಂತ ಹೆಚ್ಚಾಗಿ ಕೈಗಳು. ತಗಡು ಎತ್ತುವ ಕೈ, ಎಣ್ಣೆ ಒರೆಸುವ ಕೈ, ಬೀಡಿಯನ್ನು ಮರೆಮಾಡುವ ಕೈ. ಉಗುರಿನ ಸಂದಿನ ಮಸಿಯನ್ನೂ ಬಿಟ್ಟಿರಲಿಲ್ಲ. ನಾನು ಕುರ್ಚಿಗೆ ಕುಸಿದು, ಯಾರೂ ವಿವರಿಸದೆ, ಮೊದಲ ಬಾರಿಗೆ ನಕ್ಕೆ. ಇಷ್ಟೂ ದಿನ ಇವೆಲ್ಲ ನನ್ನ ಸಹಿಯ ಬೆನ್ನಿಗೇ ಇದ್ದವು.

ನಗುತ್ತಲೇ ನನ್ನ ಚಿತ್ರವನ್ನು ಮತ್ತೆ ಎತ್ತಿಕೊಂಡೆ. ಹೊಟ್ಟೆ ಕಂಡ ಸಿಟ್ಟಿನಲ್ಲಿ ಉಳಿದದ್ದನ್ನು ನೋಡಿಯೇ ಇರಲಿಲ್ಲ. ಬೀಗದ ಕೈಗಳಿಂದ ಸದ್ದಿನ ಅಲೆಗಳು ಹೊರಟಿದ್ದವು. ಅವು ತಲುಪಿದ ಕಡೆಯಲ್ಲೆಲ್ಲ ಆಪರೇಟರುಗಳು ಗುಂಡಿಯಿಂದ ಚಕ್ಕೆ ಕೀಳುತ್ತಿದ್ದರು. ನನ್ನ ಬೆನ್ನ ಹಿಂದಿನವರು ಅದೇ ಚಕ್ಕೆಗಳನ್ನು ಮತ್ತೆ ಸಿಕ್ಕಿಸುತ್ತಿದ್ದರು. ನಡುವೆ ನಾನು, ಸೂರು ನೋಡುತ್ತ ನಡೆದಿದ್ದೆ. ನನಗೆ ಗೊತ್ತೇ ಇರಲಿಲ್ಲ ಎಂದು ಹೇಳಬಹುದಿತ್ತು. ಆದರೆ ಚಿತ್ರ ಬರೆದವರಿಗೆ ನನ್ನ ಕಣ್ಣು ಎತ್ತ ತಿರುಗುತ್ತದೆಂದು ತಿಳಿದಿತ್ತು. ನನ್ನ ನಗು ನಿಂತಿತು.

ಮರುದಿನ ಬೆಳಿಗ್ಗೆ ಬೀಗದ ಕೈಗಳನ್ನು ಮೇಜಿನ ಮೇಲಿಟ್ಟು ಬರಿಸೊಂಟದಲ್ಲಿ ಹೋದೆ. ನಾಲ್ಕನೇ ಪ್ರೆಸ್ಸಿನ ಓರೆಗೆ ನಿಂತೆ. ಹನುಮಂತರಾಯಪ್ಪ ಐವತ್ತು ದಾಟಿದವರು, ಅದೇ ರಸ್ತೆಯಲ್ಲಿ ಮುಂದಿರುವ ಮಾಕಳಿ ಊರಿನವರು. ಊರಿನ ಜಮೀನು ರಸ್ತೆಗೆ ಹೋದ ಮೇಲೆ ಪರಿಹಾರದ ದುಡ್ಡಿನಲ್ಲಿ ಕಟ್ಟಿಸಿದ ನಾಲ್ಕು ಬಾಡಿಗೆ ಮನೆಗಳಿದ್ದವು. ಆದರೂ ಕೆಲಸ ಬಿಟ್ಟಿರಲಿಲ್ಲ. ಬಲಗೈ ತಗಡು ಹಿಡಿದು ಅಚ್ಚಿನ ಒಳಗೆ ಹೋಗುತ್ತಿತ್ತು, ಇಟ್ಟು ಹೊರಗೆ ಬರುತ್ತಿತ್ತು. ಎಡಗೈ ಒತ್ತುತ್ತಿತ್ತು. ಧಡ್. ಬಲಗೈ ಹೊರಬರುವುದಕ್ಕೂ ಅಚ್ಚು ಇಳಿಯುವುದಕ್ಕೂ ನಡುವೆ ನಾನು ಉಸಿರೆಳೆಯುವಷ್ಟೂ ಸಮಯವಿರಲಿಲ್ಲ. ಕೂಗೋಣವೆಂದರೆ, ಬೆಚ್ಚಿ ಒಂದು ಕ್ಷಣ ತಡೆದರೆ? ಆ ಬಸ್ಸಿನ ಹೆಂಗಸಿನ ಕಣ್ಣಿನ ಗೆರೆ ಎಳೆದ ಬೆರಳುಗಳು ಒಳಗಿದ್ದವು. ನಾನು ಬಾಯಿ ಮುಚ್ಚಿಕೊಂಡು, ಗೋಡೆ ಹಿಡಿದು, ಟೀ ಸೈರನ್ ಆಗುವವರೆಗೆ ನಿಂತಿದ್ದೆ.

“ಇದೇನ್ ಸಾರ್, ಇವತ್ತು ಸದ್ದಿಲ್ದಂಗೆ ಬಂದ್ಬುಟ್ರಿ?” ಎಂದರು ಅವರು, ಚಕ್ಕೆ ಕೀಳಲು ಕೈ ಚಾಚುತ್ತ.

“ಯಾವ ಕೈಯಲ್ಲಿ ಚಿತ್ರ ಬರೀತೀರಿ?”

ಅವರು ಬಲಗೈ ಎತ್ತಿ ತೋರಿಸಿದರು.

“ಆ ಕೈನ ಯಾಕ್ರೀ ಅಲ್ಲಿ ಇಡ್ತೀರಿ?” ಎಂದೆ.

“ಚಕ್ಕೆ ಇಕ್ಕುದ್ರೆ ಟಾರ್ಗೆಟ್ಟು ಇಪ್ಪತ್ತು ನಿಮ್ಷ ಮುಂಚೇನೇ ಮುಗೀತದೆ ಸಾರ್. ಆ ಇಪ್ಪತ್ತು ನಿಮ್ಷದಾಗೆ ಬರ್ಕಂತೀನಿ. ಮನೇಲಿ ಎಲ್ಲಿ ಆಯ್ತದೆ? ಬಾಡಿಗೆಯೋರು ನೀರಿಗೆ ಜಗಳ ಆಡ್ಕಂಡು ಬಾಗ್ಲಿಗೇ ಬತ್ತಾರೆ.”

ಚಿತ್ರಕ್ಕಾಗಿ ಚಿತ್ರದ ಕೈಯನ್ನೇ ಒತ್ತೆಯಿಟ್ಟಿದ್ದರು. ಆಮೇಲೆ ಅವರೇ ಮೆಲ್ಲಗೆ, “ಹೊಟ್ಟೆ ವಸಿ ಜಾಸ್ತಿ ಆಯ್ತು. ಬೇಜಾರ್ ಮಾಡ್ಕಬೇಡಿ” ಅಂದರು.

ಕಾರ್ಡಿನ ಹಿಂಬದಿಯನ್ನು ಮಾತ್ರ ಜೆರಾಕ್ಸ್ ಮಾಡಿಸಿ ಮ್ಯಾನೇಜರ ಮುಂದಿಟ್ಟೆ. ಅವರು ನೋಡಿದ ಕೂಡಲೇ ಗಹಗಹಿಸಿ ನಕ್ಕರು. “ಏನ್ರೀ ಇದು, ನೀವಾ?”

“ನಾನೇ ಸಾರ್. ಆ ಚಕ್ಕೆಗಳನ್ನೂ ಸ್ವಲ್ಪ ನೋಡಿ.”

ನೋಡಿದರು. ಬಹಳ ಹೊತ್ತು ನೋಡಿದರು. “ಯಾರು ಬರೆದದ್ದು?”

“ಅದು ಬೇಡ ಸಾರ್. ಅದರಲ್ಲಿರೋದು ನಿಜ. ತಪ್ಪು ನನ್ನದು.”

ಅವರು ನನ್ನನ್ನು ಚೆನ್ನಾಗಿಯೇ ಬೈದರು. ಆದರೆ ಮರುವಾರ ನಯಾಜ್ ಆರೂ ಪ್ರೆಸ್ಸುಗಳ ವೈರಿಂಗ್ ಬದಲಾಯಿಸಿದ. ಪ್ರತಿ ಹೊಡೆತಕ್ಕೂ ಎರಡೂ ಗುಂಡಿ ಬಿಟ್ಟು ಹೊಸದಾಗಿ ಒತ್ತದಿದ್ದರೆ ಅಚ್ಚು ಇಳಿಯುವುದೇ ಇಲ್ಲ. ಚಕ್ಕೆಗಳು ಕಸದ ಬುಟ್ಟಿ ಸೇರಿದವು. ನನ್ನ ಮೂರು ಪುಟದ ನೋಟಿಸು ಮಾಡದಿದ್ದುದನ್ನು ಅಂಗೈಯಗಲದ ಚಿತ್ರ ಮಾಡಿತ್ತು. ಟಾರ್ಗೆಟ್ ಮುಗಿಯಲು ಈಗ ಪಾಳಿ ಪೂರ್ತಿ ಬೇಕಾಗುತ್ತಿತ್ತು.

ಅಂದಿನಿಂದ ಪ್ರತಿ ಸಂಜೆ ನಾಲ್ಕನೇ ನಂಬರಿನ ಕಾರ್ಡನ್ನು ಮೊದಲು ಮಗುಚಿ ನೋಡತೊಡಗಿದೆ. ಖಾಲಿ. ಮರುದಿನವೂ ಖಾಲಿ. ಮೂರು ವಾರ ಖಾಲಿ. ಕೊನೆಗೆ ಕೇಳಿದೆ.

“ಎಲ್ಲಿ ಸಾರ್ ಟೈಮು? ಸೈರನ್ ಆಗೋಗಂಟ ಹೊಡೀತಾನೇ ಇರ್ಬೇಕು” ಎಂದರು ಹನುಮಂತರಾಯಪ್ಪ. ದನಿಯಲ್ಲಿ ದೂರು ಇರಲಿಲ್ಲ. ಹತ್ತೂ ಬೆರಳು ನೆಟ್ಟಗಿದ್ದವು, ಎಣ್ಣೆ ಮೆತ್ತಿಕೊಂಡು, ಕೆಲಸವಿಲ್ಲದವರ ಹಾಗೆ ಮೊಣಕಾಲಿನ ಮೇಲೆ ಕೂತಿದ್ದವು. ಅವನ್ನು ಉಳಿಸಿದವನು ನಾನೇ ಎಂದು ಹೇಳಿಕೊಳ್ಳಲು ನನಗೆ ಬಾಯಿ ಬರಲಿಲ್ಲ.

ಕಾರ್ಡಿನಲ್ಲಿ ಯಂತ್ರ ನಿಂತ ಕಾರಣ ಬರೆಯಲು ಒಂದು ಅಂಕಣವಿದೆ; ಅಷ್ಟು ಹೊತ್ತಿನ ತುಂಡುಗಳನ್ನು ಟಾರ್ಗೆಟ್ಟಿನಿಂದ ಕಳೆಯುತ್ತಾರೆ. ಅದರಲ್ಲಿ ಈಗ ನಾನು ನಾಲ್ಕನೇ ಪ್ರೆಸ್ಸಿಗೆ ದಿನವೂ ‘ತಪಾಸಣೆ, ಇಪ್ಪತ್ತು ನಿಮಿಷ’ ಎಂದು ಬರೆದು ಸಹಿ ಹಾಕುತ್ತೇನೆ. ಯಂತ್ರಕ್ಕೆ ಏನೂ ಆಗಿಲ್ಲವೆಂಬುದು ಅವರಿಗೂ ಗೊತ್ತು, ನನಗೂ ಗೊತ್ತು. ಇಪ್ಪತ್ತಾರು ವರ್ಷದ ನೌಕರಿಯಲ್ಲಿ ನಾನು ಸಹಿ ಹಾಕಿದ ಮೊದಲ ಸುಳ್ಳು ಇದೆಂದು ಬರೆಯಲು ಹೊರಟಿದ್ದೆ. ಯೋಚಿಸಿದರೆ ಅದೂ ಸರಿಯಲ್ಲ. ಓದಿ ಸಹಿ ಹಾಕಿದ ಮೊದಲ ಸುಳ್ಳು ಎನ್ನಬೇಕು.