ಮಾತು ನಮ್ಮದು, ಅರ್ಥ ಅವರದು

ಅರಸೀಕೆರೆ ಸುತ್ತಮುತ್ತಲ ಶಾಲೆಗಳಲ್ಲಿ ಹಿಂದಿ ಪಾಠ ಹೇಳಿ ರಿಟೈರಾದವಳು ನಾನು. ಮಕ್ಕಳ ಕಾಟ ತಪ್ಪಿತು, ದೊಡ್ಡವರ ಕಾಟ ಶುರುವಾಯಿತು. ಯಾರ ಮಾತು ಯಾರಿಗೆ ತಿಳಿಯದಿದ್ದರೂ ಫೋನು ನನಗೇ. ಅದರಲ್ಲೂ ತಿಳಿಯಿತು ಅಂತ ಇಬ್ಬರೂ ತಲೆಯಾಡಿಸಿದ ಮಾತು ಇದೆಯಲ್ಲ, ಅದೇ ಹೆಚ್ಚು ಅಪಾಯ.

ಬಡಾ ಮಾಲೀಕರು

ನಮ್ಮ ಬೀದಿಯ ಕೊಬ್ಬರಿ ವ್ಯಾಪಾರಿ ಒಳ್ಳೆ ಸ್ಥಿತಿವಂತರು. ಅವರ ಮಗನಿಗೆ ಹೆಣ್ಣು ಕೊಡುವವರು ಮನೆ ನೋಡಲು ಬಂದಿದ್ದರು. ಗೋಡೌನಿನ ಬಿಹಾರಿ ಕೆಲಸದವನು ಎಳನೀರು ತಂದುಕೊಟ್ಟು, ಅಭಿಮಾನದಿಂದ ಎದೆಯುಬ್ಬಿಸಿ, "ಹಮಾರಾ ಮಾಲಿಕ್ ಬಹುತ್ ಬಡಾ! ಬಡಾ!" ಅಂದ.

ಹೆಣ್ಣಿನ ತಂದೆ ಎಳನೀರು ಕೆಳಗಿಟ್ಟು ಹೆಂಡತಿಯ ಕಿವಿಯಲ್ಲಿ ಅಂದರಂತೆ: "ಬಡವ ಅಂತ ಆಳೇ ಹೇಳ್ತಾವ್ನೆ. ಈ ಮನೆ ಬಾಡಿಗೇದಿರ್ಬೇಕು ಕಣೇ."

ಆ ಪಿಸುಮಾತು ವ್ಯಾಪಾರಿಯ ಕಿವಿಗೂ ಬಿದ್ದು, ನನ್ನನ್ನು ಕರೆಸಿದರು. ಹಿಂದಿಯಲ್ಲಿ ಬಡಾ ಅಂದರೆ ದೊಡ್ಡವರು ಅಂತ ಬಿಡಿಸಿ ಹೇಳಿದೆ. ಸಂಬಂಧ ಕುದುರಿತು. ಬೀಗರು ಹೋದ ಮೇಲೆ ವ್ಯಾಪಾರಿ ಕೆಲಸದವನನ್ನು ಕರೆದು, "ನೆಂಟರ ಮುಂದೆ ಆ ಮಾತು ಬೇಡ ಕಣಯ್ಯ. ಟ್ಯಾಕ್ಸ್‌ನೋರು ಬಂದಾಗ ಮಾತ್ರ ಗಟ್ಟಿಯಾಗಿ ಹೇಳು" ಅಂದರು.

ಮಂಚದ ಕೆಳಗಿನ ಕಸ

ಹಳೇಬೀಡಿನಲ್ಲಿ ನನ್ನ ಹಳೇ ಶಿಷ್ಯನೊಬ್ಬ ಪುಟ್ಟ ಲಾಡ್ಜ್ ಇಟ್ಟಿದ್ದಾನೆ. ನಾನು ಹೋದ ದಿನ ಜಪಾನಿನ ಅಕ್ಕತಂಗಿಯರಿಬ್ಬರು ರೂಮಿನ ಮೂಲೆಮೂಲೆ ಬಗ್ಗಿ ನೋಡುತ್ತ, "ಕಸಾ? ಕಸಾ?" ಅನ್ನುತ್ತಿದ್ದರು. ಗುಡಿಸುವಾಕೆ ಕೆಂಡವಾದಳು.

"ಬೆಳಗಿಂದ ಎರಡು ಸಲ ಗುಡಿಸಿದೀನಿ! ಮಂಚದ ಕೆಳಗೆ ಬಗ್ಗಿ ಕಸ ಹುಡುಕ್ತಾರಲ್ಲ! ನಾಳೆಯಿಂದ ನಾನ್ ಬರಾಕಿಲ್ಲ" ಅಂತ ಪೊರಕೆ ಬಿಸಾಕಿದಳು.

ಶಿಷ್ಯ ಗಾಬರಿಯಿಂದ, "ಮೇಡಂ, ನೀವೇ ಕೇಳಿ" ಅಂದ.

"ನಂಗೆ ಜಪಾನಿ ಬರಲ್ಲ ಕಣೋ."

"ಹಿಂದೀಲೇ ಕೇಳಿ ಮೇಡಂ!"

ಕೈಸನ್ನೆಯಲ್ಲಿ ಕೇಳಿದೆ. ತಂಗಿ ಬೆರಳಾಡಿಸಿ ಮಳೆ ಸುರಿಸಿದಳು, ಆಮೇಲೆ ತಲೆಯ ಮೇಲೆ ಏನನ್ನೋ ಬಿಚ್ಚಿ ಹಿಡಿದಳು. ಅವರ ಭಾಷೆಯಲ್ಲಿ ಕಸಾ ಅಂದರೆ ಛತ್ರಿ! ನೀರು ತೊಟ್ಟಿಕ್ಕುತ್ತಿದ್ದ ಅವರ ಛತ್ರಿಯನ್ನು, ನೆಲ ಒದ್ದೆಯಾದೀತೆಂದು ಗುಡಿಸುವ ಈ ಪುಣ್ಯಾತ್ಗಿತ್ತಿಯೇ ಹೊರಗಿನ ಖಾಲಿ ಬುಟ್ಟಿಯಲ್ಲಿ ನಿಲ್ಲಿಸಿದ್ದಳು.

ವಿಷಯ ತಿಳಿದು ಆಕೆ ಸೊಂಟದ ಮೇಲೆ ಕೈಯಿಟ್ಟಳು. "ಹಂಗಾದ್ರೆ ನಂದೇನ್ ತಪ್ಪು? ಕಸಾನ ಕಸದ ಬುಟ್ಟೀಲೇ ಇಟ್ಟಿದೀನಿ!"

ಗೌಡರ ಹಿಂದಿ

ಹಗರೆ ಕಡೆಯ ಗೌಡರೊಬ್ಬರ ತೋಟಕ್ಕೆ ಉತ್ತರದಿಂದ ಹೊಸ ಆಳು ಬಂದಿದ್ದ. ಮಾತಿಗಿಂತ ಕೆಲಸ ಜಾಸ್ತಿ, ಹೇಳಿದ್ದನ್ನು ಚಾಚೂ ತಪ್ಪದೆ ಮಾಡುವವನು. ಗೌಡರ ಹಿಂದಿಯೋ, ಕನ್ನಡಕ್ಕೆ ಅಲ್ಲಲ್ಲಿ ಒಂದು ‘ಕೋ’ ಸೇರಿಸಿದರೆ ಮುಗಿಯಿತು. ಒಂದು ಬೆಳಗ್ಗೆ ಫೋನ್ ಮಾಡಿದರು.

"ಮೇಡಮ್ಮೋರೇ, ಹಿಂದೀಲಿ ‘ಮಾರೋ’ ಅಂದ್ರೆ ಏನು?"

"ಹೊಡಿ, ಸಾಯಿಸು ಅಂತ. ಯಾಕೆ ಗೌಡ್ರೇ?"

ಆ ಕಡೆ ದೊಡ್ಡ ನಿಟ್ಟುಸಿರು. "ನಿನ್ನೆ ಬೇಲೂರಿಗೆ ಹೋಗ್ವಾಗ ‘ಮುರ್ಗಿ ಮಾರೋ’ ಅಂದಿದ್ದೆ. ಗಿರಾಕಿ ಬಂದ್ರೆ ಕೋಳಿ ಮಾರ್ಲಿ ಅಂತ. ವಾಪಸ್ ಬಂದು ನೋಡ್ತೀನಿ, ಹನ್ನೊಂದೂ ಕೋಳಿ ಕುಯ್ದು, ಪುಕ್ಕ ಕಿತ್ತು, ಸಾಲಾಗಿ ಮಡಗವ್ನೆ! ಬೀದಿಗೆಲ್ಲ ಸಾರು ಹಂಚಿದ್ದಾಯ್ತು."

ನಕ್ಕು ನಕ್ಕು ನನ್ನ ಕಣ್ಣಲ್ಲಿ ನೀರು. "ಸದ್ಯ, ಕೋಳಿಗೆ ಮುಗೀತಲ್ಲ. ಬೇರೇನೂ ಹೇಳಿಲ್ಲ ತಾನೇ?"

ಗೌಡರು ಸಣ್ಣಗೆ ಕೆಮ್ಮಿದರು.

"ಗೌಡ್ರೇ?"

"ಇವತ್ತು ತೆಂಗಿನಕಾಯಿ ದಲ್ಲಾಳಿ ಬತ್ತಾನೆ, ಕಾಯಿ ಅವನಿಗೇ ಮಾರು ಅಂತ ನಿನ್ನೆ ಹೋಗ್ವಾಗ್ಲೇ ಹೇಳಿದ್ದೆ..."

"ಹೆಂಗೆ ಹೇಳಿದ್ರಿ?"

"‘ದಲ್ಲಾಳಿ ಕೋ ಮಾರೋ’ ಅಂದೆ."

"ಓಡಿ ಗೌಡ್ರೇ!" ಅಂತ ಕಿರುಚಿದೆ.

ಗೌಡರು ಫೋನ್ ಕಟ್ ಮಾಡುವುದನ್ನೇ ಮರೆತು ಓಡಿದರು. ಚಪ್ಪಲಿ ಪಟಪಟ, ಏದುಸಿರು, ನಾಯಿ ಬೊಗಳಾಟ, ಎಲ್ಲ ನನಗೆ ಕೇಳಿಸುತ್ತಿತ್ತು. ಆಮೇಲೆ ಎಲ್ಲೋ ಎತ್ತರದಿಂದ ಒಂದು ದನಿ. ದಲ್ಲಾಳಿ ಪಂಪ್‌ಸೆಟ್ ಮನೆಯ ಮೇಲೆ ಹತ್ತಿಬಿಟ್ಟಿದ್ದನಂತೆ.

"ಗೌಡ್ರೇ, ಈ ದೊಣ್ಣೆ ಹಿಡ್ದೋನ್ನ ಕರ್ಕೊಳ್ಳಿ! ನೀವ್ ಕೇಳಿದ್ ರೇಟೇ ಕೊಡ್ತೀನಿ!"

ಚಪ್ಪಲಿ ಸದ್ದು ತಟ್ಟನೆ ನಿಂತಿತು. ಗೌಡರು ಉಸಿರು ಸುಧಾರಿಸಿಕೊಂಡು ನಿಧಾನವಾಗಿ ಕೇಳಿದರು:

"ಲಾರಿ ಬಾಡಿಗೆ ಯಾರ್ದಪ್ಪ?"

"ಅದೂ ನಂದೇ!"