ಬಣ್ಣ ಬಿಡುವ ಕೆಂಪು ಔಷಧಿಯವರಿಗೆ

ಸೀಸೆಯೊಳಗೆ ಸೊಗಸಾಗಿ ವಿರಾಜಮಾನರಾಗಿರುವ ಕೆಂಪು ಕೀಮೋ ಔಷಧಿಯವರ ಸನ್ನಿಧಿಗೆ, ನಾರಾಯಣಪೇಟೆಯ ನೇಕಾರರ ಓಣಿಯಿಂದ ಸುಗುಣಮ್ಮನ ಮಗಳು ನವನೀತಾ ತಲೆಬಾಗಿ ಮಾಡುವ ನಮಸ್ಕಾರಗಳು.

ಮಾನ್ಯರೇ,

ನಮ್ಮ ಊರು ಜಿಲ್ಲಾ ಕೇಂದ್ರವಾದ ವರ್ಷವೇ ಅಮ್ಮನ ಎದೆಯಲ್ಲಿ ಕ್ಯಾನ್ಸರ್ ಗಂಟು ಕಾಣಿಸಿಕೊಂಡಿತು. ಊರಿಗೆ ಕಲೆಕ್ಟರು ಬಂದರು, ತಾವು ಬರಲಿಲ್ಲ. ತಮ್ಮಂಥ ದೊಡ್ಡವರನ್ನು ಕಾಣಲು ಬಸ್ಸು ಬದಲಿಸುತ್ತ ನಾವೇ ಹೈದರಾಬಾದಿಗೆ ಬಂದೆವು, ಅದು ನಮ್ಮ ಭಾಗ್ಯ. ತಾವು ಮೊದಲ ಸಲ ಅಮ್ಮನ ನರದೊಳಗೆ ದಯಮಾಡಿಸಿದ ದಿನ ಅವಳ ಮೂತ್ರ ಕೆಂಪಾಯಿತು. ಅದು ಔಷಧಿಯ ಬಣ್ಣ, ರಕ್ತವಲ್ಲ, ಹೆದರಬೇಡಿ ಎಂದು ನರ್ಸಮ್ಮ ಮೊದಲೇ ಹೇಳಿದ್ದರು. ಅಮ್ಮ ಹೆದರಲಿಲ್ಲ, ಸಿಟ್ಟಾದಳು. ನಮ್ಮಲ್ಲಿ ಬಣ್ಣದ ನೂಲು ಬಂದರೆ ಒಂದು ಎಳೆಯನ್ನು ನೀರಿನಲ್ಲಿ ನೆನೆಸಿ ನೋಡದೆ ಮಗ್ಗಕ್ಕೆ ಏರಿಸುವುದಿಲ್ಲ. ನೀರು ಕೆಂಪಾದರೆ ನೂಲು ವಾಪಸ್ಸು. ತಮ್ಮನ್ನೂ ಅದೇ ತಕ್ಕಡಿಗೆ ಹಾಕಿ ಅಮ್ಮ, "ಕಚ್ಚಾ ಬಣ್ಣ ಐತಿದು, ಒಂದಿನಾನೂ ಒಳಗ ನಿಲ್ಲಲಿಲ್ಲ, ಇಂಥಾ ಖೋಟಾ ಮಾಲಿಗೆ ಇನ್ನೊಮ್ಮೆ ಕೈ ಚಾಚಾಕಿ ಅಲ್ಲ ನಾ" ಎಂದು ಎರಡನೆಯ ಸೂಜಿಗೆ ಹೋಗದೆ ಕುಳಿತುಬಿಟ್ಟಳು. ಬಿಟ್ಟರೆ ಗಂಟು ಬೆಳೆಯುತ್ತದೆ ಎಂದು ನಾನು ಅತ್ತರೂ ಕೇಳಲಿಲ್ಲ.

ಕೊನೆಗೆ ಪಕ್ಕದ ಮನೆಯ ಜಮ್ಮುಲಮ್ಮ, "ಸೂಜಿ ಬ್ಯಾಡ ಬಿಡು ಸುಗುಣಿ, ಖೋಟಾ ಮಾಲು ಕೊಟ್ಟವರನ್ನ ಬೈದಾರ ಬರೂಣು ನಡಿ" ಎಂದು ಹೊರಡಿಸಿದಳು.

ಹೈದರಾಬಾದಿನ ಆಸ್ಪತ್ರೆಯಲ್ಲಿ, ಕೀಮೋ ಪಡೆದವರ ರಕ್ತವನ್ನು ಅಧ್ಯಯನ ಮಾಡುವ ಡಾಕ್ಟರು ರಜಿತಾ, ಸೂಜಿಗೆ ಮುಂಚೆ ಮತ್ತು ನಂತರ ತೆಗೆದ ಅಮ್ಮನ ಬಿಳಿ ರಕ್ತಕಣಗಳನ್ನು ಪರದೆಯ ಮೇಲೆ ತೋರಿಸಿದರು. ಮೊದಲಿನವು ದುಂಡಗಿದ್ದವು, ತಾವು ಹಾದುಹೋದ ಮೇಲಿನವುಗಳ ಹಿಂದೆ ಬಾಲದಂತೆ ಮಬ್ಬು ಬೆಳಕು. ಆ ಬಾಲವೆಂದರೆ ಕಣದೊಳಗಿನ ವಂಶವಾಹಿಯ ತುಂಡಾದ ಎಳೆಗಳೇ ಅಂತೆ. ಕ್ಯಾನ್ಸರ್ ಕಣಗಳ ಎಳೆ ಕಡಿಯಲು ಬಂದ ತಾವು ಒಳ್ಳೆಯ ಕಣಗಳನ್ನೂ ಬಿಡುವುದಿಲ್ಲವಂತೆ, ಬಹಳಷ್ಟನ್ನು ದೇಹವೇ ದುರಸ್ತಿ ಮಾಡಿಕೊಳ್ಳಬೇಕಂತೆ. ಎಂಥ ಭೇದಭಾವವಿಲ್ಲದ ನ್ಯಾಯ! ಒಬ್ಬ ಕಳ್ಳನಿಗಾಗಿ ಬಂದ ಪೊಲೀಸರು ಇಡೀ ಓಣಿಯ ಕೈಕಾಲು ಮುರಿದು, ಕಟ್ಟು ನೀವೇ ಕಟ್ಟಿಕೊಳ್ಳಿ ಎಂದು ಹೋದಂತೆ. ತಾವು ಕೂದಲನ್ನೂ ಉಳಿಸಲಿಲ್ಲ. ಅದು ಮಾಡಿದ್ದ ಅಪರಾಧವೇನೋ ತಿಳಿಯದು.

ಇದನ್ನು ಕಂಡು ಅಮ್ಮ ಓಡಿಯೇಹೋಗುತ್ತಾಳೆಂದುಕೊಂಡೆ. ಅವಳು ಪರದೆಗೆ ಮೂಗು ತಾಗುವಷ್ಟು ಬಾಗಿ ನೋಡಿ, "ಹಂಗಾದ್ರ ಒಳಗ ಹತ್ತೈತಿ ಇದು! ಬಣ್ಣ ಅಷ್ಟ ಹೋಗೈತಿ, ಕೆಲಸ ಹೋಗಿಲ್ಲ. ಮುಂದಿನ ಸೂಜಿ ಯಾವತ್ತರೀ ಡಾಕ್ಟ್ರಮ್ಮ?" ಎಂದಳು. ಗಂಟು ಕರಗಿತೋ ಇಲ್ಲವೋ ಇದರಿಂದ ತಿಳಿಯುವುದಿಲ್ಲ ಎಂದು ರಜಿತಾ ಹೇಳುತ್ತಲೇ ಇದ್ದರು, ಅಮ್ಮ ಕೇಳುತ್ತಿರಲಿಲ್ಲ. ಹೀಗೆ ತಮ್ಮ ಯೋಗ್ಯತೆಗೆ ನಮ್ಮ ಮನೆಯಲ್ಲಿ ದೊರೆತ ಏಕೈಕ ಪ್ರಶಸ್ತಿ, ತಾವು ಮಾಡಿದ ಹಾನಿ. ಅಭಿನಂದನೆಗಳು.

ಸೋಮವಾರ ಅಮ್ಮ ಬರುತ್ತಾಳೆ. ದಯವಿಟ್ಟು ಒಳಗೆ ಕಾಲಿಡುವ ಮುನ್ನ ಪ್ರತಿ ಕಣದ ಹೆಸರು ಕೇಳಿ. ಒಡೆದದ್ದನ್ನು ಜೋಡಿಸಿ ಹೊರಡಿ. ಬಾಯಿಯ ಹುಣ್ಣುಗಳನ್ನು ಮರೆಯದೆ ಜೊತೆಗೆ ಒಯ್ಯಿರಿ. ಇಷ್ಟು ಶಿಷ್ಟಾಚಾರ ತಮಗೆ ಹೆಚ್ಚಾಯಿತೆಂದರೆ, ಗಂಟಿನ ಮನೆಯಿಂದಾದರೂ ಬರಿಗೈಯಲ್ಲಿ ಹಿಂದಿರುಗಬೇಡಿ.

ಬೇರೆ ದಾರಿ ಕಾಣದೆ
ತಮ್ಮ ವಿಶ್ವಾಸಿ,
ನವನೀತಾ

ವಿ.ಸೂ.: ಅಮ್ಮ ತೋಳು ಚಾಚಿದಾಗ ಅದನ್ನು ಗೌರವವೆಂದು ತಿಳಿದು ಹಿಗ್ಗಬೇಡಿ. ತಮಗಿಂತ ಕೆಟ್ಟವರೊಬ್ಬರು ಅವಳ ಎದೆಯಲ್ಲಿ ಕುಳಿತಿದ್ದಾರೆ, ಅಷ್ಟೇ.